ಕಂಪ್ಯೂಟರ್ ಗೊಂಬೆಯ ತುಟಿ ಯಾವ ಭಾಷೆಯದು?

ನಮ್ಮ ಓಣಿಯ ಯುವಕನೊಬ್ಬ ಹೋದ ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದ. ಹಗಲು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವ ಕೆಲಸ, ರಾತ್ರಿ ಕಂಪ್ಯೂಟರ್ ಮುಂದೆ ಕೂತು ಗೊಂಬೆಗಳನ್ನು ಕುಣಿಸುವ ಹುಚ್ಚು. ನಾವು ಹಿಂದೆಂದೋ ಬರೆದ ಕಥೆಯೊಂದನ್ನು ಆತ ನಮ್ಮನ್ನೂ ಕೇಳದೆ ಒಂಬತ್ತು ನಿಮಿಷಗಳ ಅನಿಮೇಷನ್ ಚಿತ್ರವಾಗಿ ಮಾಡಿದ್ದ. ಹನ್ನೊಂದು ವರ್ಷ ದಮ್ಮಾಮ್‌ನಲ್ಲಿ ದುಡಿದು ಮರಳಿದ ಮಗ, ಅವನಿಗೆ ಊಟ ಬಡಿಸುವ ತಾಯಿ. ಅವರ ನಡುವೆ ಇಪ್ಪತ್ತು ಮೂವತ್ತು ಮಾತುಗಳು, ಉಳಿದದ್ದು ಮೌನ. ಕಥೆ ಅಷ್ಟೇ. ತಾಯಿಯ ಧ್ವನಿ ಅವನ ನೆರೆಮನೆಯ ಹೆಂಗಸಿನದು, ಮಗನದು ಅವನದೇ. ಮಾತು ಅರ್ಧ ದಖನಿ ಉರ್ದು, ಅರ್ಧ ಕನ್ನಡ, ನಮ್ಮ ಮನೆಗಳಲ್ಲಿ ಇರುವ ಹಾಗೆಯೇ.

ಚಿತ್ರ ನೋಡುವಾಗ ನಮ್ಮ ಖಾಲಾ ಕೂಡಾ ಪಕ್ಕದಲ್ಲಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಅವರ ಎರಡೂ ಕಿವಿ ಹೋಗಿವೆ. ನಲವತ್ತು ವರ್ಷಗಳಿಂದ ಅವರು ಹೊಲಿಗೆ ಯಂತ್ರದ ಮುಂದೆ ಕೂತು, ಅಳತೆ ಕೊಡಲು ಬಂದವರ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಉರ್ದು, ಕನ್ನಡ ಎರಡನ್ನೂ ಹಾಗೆಯೇ ಓದುತ್ತಾರೆ. ಪರದೆಯ ಮೇಲಿನ ತಾಯಿ ಬಾಯಿ ತೆರೆದಳು. ಖಾಲಾ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿ ಒಂದು ನಿಮಿಷ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, “ಇನೆ ಅಂಗ್ರೇಝಿ ಬೋಲ್‌ರೈ ಕ್ಯಾ?” ಎಂದು ಕೇಳಿದರು. ಇವಳೇನು ಇಂಗ್ಲಿಷ್ ಮಾತಾಡುತ್ತಿದ್ದಾಳಾ ಎಂದು.

ಯುವಕ ನಕ್ಕ. ಮರುಕ್ಷಣ ಅವನ ಮುಖ ಇಳಿಯಿತು. ಯಾಕೆಂದರೆ ಅದು ನಿಜವಾಗಿತ್ತು.

ಅವನು ಬಳಸಿದ್ದ ತಂತ್ರಾಂಶದ ಹೆಸರು ಇಲ್ಲಿ ಬೇಡ. ಅದರ ಕೆಲಸ ಇಷ್ಟು: ದಾಖಲಿಸಿದ ಧ್ವನಿಯನ್ನೂ ಆ ಮಾತುಗಳ ಬರಹವನ್ನೂ ಕೊಟ್ಟರೆ, ಯಾವ ಕ್ಷಣದಲ್ಲಿ ಬಾಯಿ ಯಾವ ಆಕಾರಕ್ಕೆ ಬರಬೇಕು ಎಂದು ತಾನೇ ಲೆಕ್ಕ ಹಾಕಿ ಗೊಂಬೆಯ ತುಟಿ ಆಡಿಸುವುದು. ಬರಹವನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ‘ತಾಯಿ’, ‘ಊಟ ತಗೋ’, ‘ಸಾಥ್’ ಎಂಬುದನ್ನೆಲ್ಲ ಆತ ನಾವೆಲ್ಲರೂ ಮೊಬೈಲಿನಲ್ಲಿ ಒತ್ತುವ ಹಾಗೆ ಟೀ ಮತ್ತು ಎಚ್ ಸೇರಿಸಿ ಒತ್ತಿದ್ದ. ಯಂತ್ರಕ್ಕೆ ಆ ಜೋಡಿ ಅಕ್ಷರವೆಂದರೆ ಇಂಗ್ಲಿಷಿನ ‘ಥಿಂಕ್’ ಶಬ್ದದ ಮೊದಲ ಧ್ವನಿ. ನಾಲಗೆಯ ತುದಿ ಹಲ್ಲುಗಳ ನಡುವಿನಿಂದ ಹೊರಗೆ ಇಣುಕಬೇಕು. ಹೀಗಾಗಿ ನಮ್ಮ ಕಥೆಯ ಆ ಗಂಭೀರ ಹೆಂಗಸು ‘ತಗೋ’ ಅಂದಾಗಲೆಲ್ಲ ಮಗನಿಗೆ ನಾಲಗೆ ತೋರಿಸುತ್ತಿದ್ದಳು!

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮ. ಇಂಗ್ಲಿಷಿನವರು ‘ರ’ಕಾರ ಉಚ್ಚರಿಸುವಾಗ ತುಟಿಗಳನ್ನು ತುಸು ಮುಂದಕ್ಕೆ ಚಾಚಿ ದುಂಡಗೆ ಮಾಡುತ್ತಾರೆ. ನಮ್ಮ ‘ರ’ ಹಾಗಲ್ಲ, ಅದು ಒಳಗೆ ನಾಲಗೆಯ ಒಂದು ತಟ್ಟು, ತುಟಿಗೆ ಅದರ ಸುದ್ದಿಯೇ ಇಲ್ಲ. ‘ಬಂದರೆ’, ‘ಇರಲಿ’, ‘ಯಾರಿಗೆ’ ಎನ್ನುವಾಗ ಆ ತಾಯಿ ಪ್ರತಿಸಲ ಮುತ್ತಿಡುವವಳಂತೆ ತುಟಿ ಚಾಚುತ್ತಿದ್ದಳು. ಮೂರನೆಯದು ನಮ್ಮ ಒತ್ತಕ್ಷರಗಳ ಗತಿ. ‘ಅಮ್ಮ’, ‘ಅಬ್ಬಾ’, ‘ಹಬ್ಬ’, ‘ತಪ್ಪು’ ಇವುಗಳಲ್ಲಿ ತುಟಿ ಮುಚ್ಚಿದ ಮೇಲೆ ಒಂದು ಗಳಿಗೆ ಹಾಗೆಯೇ ನಿಲ್ಲುತ್ತದೆ. ಒತ್ತಿಲ್ಲದ ‘ಮ’ಕ್ಕೆ ಹೋಲಿಸಿದರೆ ಸುಮಾರು ಎರಡರಷ್ಟು ಹೊತ್ತು. ಇಂಗ್ಲಿಷಿನ ಶಬ್ದಗಳ ಒಳಗೆ ಇಂಥ ಒತ್ತಿಲ್ಲ. ಅಲ್ಲಿ ಎರಡು ಅಕ್ಷರ ಬರೆದರೂ ಉಚ್ಚಾರ ಒಂದೇ. ಯಂತ್ರ ‘ಅಮ್ಮ’ನಿಗೆ ತುಟಿ ಮುಚ್ಚಿಸಿ ತಕ್ಷಣ ಬಿಡಿಸಿತು. ಕಿವಿ ‘ಅಮ್ಮ’ ಎಂದು ಕೇಳುತ್ತಿದ್ದರೆ ಕಣ್ಣು ‘ಅಮ’ ಎಂದು ಓದುತ್ತಿತ್ತು. ನಮಗೆ ಏನೋ ಸರಿಯಿಲ್ಲ ಎಂದು ಮಾತ್ರ ಅನಿಸಿತು, ಏನು ಎಂದು ಹೇಳಲಾಗಲಿಲ್ಲ. ಕಿವಿಯಿಲ್ಲದ ಖಾಲಾ ಹೇಳಿದರು.

ಮನೆಯಲ್ಲಿ ಕೂತು ಅನಿಮೇಷನ್ ಚಿತ್ರ ಮಾಡುವವರ ದೊಡ್ಡ ತಲೆನೋವು ಇದೇ. ಮರ, ಮನೆ, ಮಳೆ ಎಲ್ಲವನ್ನೂ ಅವರು ಚೆನ್ನಾಗಿಯೇ ಮಾಡುತ್ತಾರೆ. 2002ರಿಂದ ಮುಕ್ತ ತಂತ್ರಾಂಶವಾಗಿರುವ ‘ಬ್ಲೆಂಡರ್’ ಬಿಡಿಗಾಸು ಖರ್ಚಿಲ್ಲದೆ ಸಿಗುತ್ತದೆ. ಆದರೆ ಪಾತ್ರ ಬಾಯಿ ತೆರೆದ ಕೂಡಲೇ ನೋಡುಗನಿಗೆ ಅದು ಗೊಂಬೆ ಎಂದು ನೆನಪಾಗುತ್ತದೆ. ಪರಿಹಾರಕ್ಕೆಂದು ಅವರು ಇನ್ನಷ್ಟು ಆಕಾರ, ಇನ್ನಷ್ಟು ಸ್ನಾಯು, ಇನ್ನಷ್ಟು ಚರ್ಮದ ರಂಧ್ರಗಳನ್ನು ಸೇರಿಸುತ್ತಾ ಹೋಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅವರು ತಪ್ಪು ಬಾಗಿಲು ಬಡಿಯುತ್ತಿದ್ದಾರೆ.

ಒಂದನೆಯ ತರಗತಿಯಲ್ಲಿ ನಾವೆಲ್ಲ ಕೂಗಿ ಕಲಿತ ವರ್ಣಮಾಲೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಕವರ್ಗ ಗಂಟಲಿನ ಕಡೆ ಹುಟ್ಟುತ್ತದೆ, ಚವರ್ಗ ಅಂಗುಳಲ್ಲಿ, ಟವರ್ಗ ಇನ್ನೂ ಮುಂದೆ ನಾಲಗೆ ಮಡಚಿ, ತವರ್ಗ ಹಲ್ಲಿನ ಹಿಂದೆ, ಪವರ್ಗ ತುಟಿಯ ಮೇಲೆ. ಅಂದರೆ ಇದು ಕತ್ತಲಿನಿಂದ ಬೆಳಕಿಗೆ ಬರುವ ಕ್ರಮ. ಇಪ್ಪತ್ತೈದು ವರ್ಗೀಯ ವ್ಯಂಜನಗಳಲ್ಲಿ ಇಪ್ಪತ್ತರ ಕೆಲಸ ಒಳಮನೆಯಲ್ಲೇ ನಡೆದುಹೋಗುತ್ತದೆ. ಬೀದಿಗೆ ಬಂದು ಕಾಣಿಸಿಕೊಳ್ಳುವುದು ಕೊನೆಯ ಸಾಲಿನ ಐದು ಮಾತ್ರ. ಆ ಐದೂ ನೋಡಲು ಒಂದೇ. ‘ಮರ’, ‘ಬರ’, ‘ಪರ’, ‘ಭರ’ ಈ ನಾಲ್ಕನ್ನೂ ಖಾಲಾ ತುಟಿ ನೋಡಿ ಬೇರೆಬೇರೆ ಮಾಡಲಾರರು, ಸಂದರ್ಭದಿಂದ ಊಹಿಸುತ್ತಾರೆ. ‘ವ’ಕ್ಕೆ ಕೆಳತುಟಿ ಮೇಲಿನ ಹಲ್ಲಿಗೆ ತಾಗುತ್ತದೆ. ಆ ಎಂದರೆ ಬಾಯಿ ತೆರೆಯುತ್ತದೆ, ಇ ಎ ಎಂದರೆ ಅಗಲವಾಗುತ್ತದೆ, ಉ ಒ ಎಂದರೆ ದುಂಡಾಗುತ್ತದೆ. ಆರೇಳು ಆಕಾರ ಇದ್ದರೆ ಕನ್ನಡದ ತುಟಿ ಮುಗಿಯಿತು.

ಹಳೆಯ ಅಮೆರಿಕನ್ ಕಾರ್ಟೂನುಗಾರರು ಇದನ್ನು ಚೆನ್ನಾಗಿ ಅರಿತಿದ್ದರು. ಡಿಸ್ನಿಯಲ್ಲಿ ದುಡಿದ ಪ್ರೆಸ್ಟನ್ ಬ್ಲೇರ್ 1940ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಪಾಠಪುಸ್ತಕದ ಬಾಯಿ ಆಕಾರಗಳ ಪಟ್ಟಿ ಬೆರಳೆಣಿಕೆಯಷ್ಟರದು. ಹನಾ-ಬಾರ್ಬೆರಾ ಸಂಸ್ಥೆ ಟಿವಿಗಾಗಿ ಅಗ್ಗದಲ್ಲಿ ಚಿತ್ರ ಮಾಡುವಾಗ ಆರು ಮುಖ್ಯ ಆಕಾರಗಳಲ್ಲೇ ಕೆಲಸ ತೂಗಿಸಿತು. ಅವರ ಯೋಗಿ ಕರಡಿಗೆ ಬಟ್ಟೆಯಿಲ್ಲದಿದ್ದರೂ ಕುತ್ತಿಗೆಪಟ್ಟಿ ಮತ್ತು ಟೈ ಯಾಕಿದೆ ಗೊತ್ತೇ? ಮುಂಡವನ್ನು ಹಾಗೆಯೇ ಇಟ್ಟು ಪಟ್ಟಿಯ ಮೇಲಿನ ತಲೆಯನ್ನಷ್ಟೇ ಮತ್ತೆ ಬರೆಯಲು. ಇಂದು ಮನೆಚಿತ್ರಗಾರರು ಬಳಸುವ ‘ರೂಬಾರ್ಬ್’ ಎಂಬ ಉಚಿತ ತುಟಿಜೋಡಣೆ ತಂತ್ರಾಂಶವೂ ಅದೇ ಆರು ಆಕಾರಗಳ ಮೇಲೆ ನಿಂತಿದೆ. ಅದರಲ್ಲಿ ಇಂಗ್ಲಿಷನ್ನು ಬದಿಗಿಟ್ಟು ಬರೀ ಧ್ವನಿಯನ್ನು ಹಿಡಿದು ನಡೆಯುವ ಇನ್ನೊಂದು ದಾರಿಯೂ ಇದೆ. ನಮ್ಮ ಭಾಷೆಗಳಿಗೆ ಅದೇ ವಾಸಿ. ಅದನ್ನು ನಾವಾಗಿ ಆರಿಸಿಕೊಳ್ಳದಿದ್ದರೆ ಅದೂ ಇಂಗ್ಲಿಷನ್ನೇ ಕೇಳಿಸಿಕೊಳ್ಳುತ್ತದೆ.

ನಮಗೆ ತುಟಿಯ ಈ ಶಿಸ್ತು ಮೊದಲು ಪರಿಚಯವಾದದ್ದು ಸಿನಿಮಾದಿಂದಲ್ಲ. ಚಿಕ್ಕಂದಿನಲ್ಲಿ ಕುರ್‌ಆನ್ ಕಲಿಸುತ್ತಿದ್ದ ಉಸ್ತಾದರು ನಮ್ಮ ಕಣ್ಣುಗಳನ್ನಲ್ಲ, ತುಟಿಗಳನ್ನೇ ನೋಡುತ್ತಾ ಕೂರುತ್ತಿದ್ದರು. ಬೇ, ಮೀಮ್, ವಾವ್ ಎರಡೂ ತುಟಿಗಳಿಂದ, ಫೇ ಕೆಳತುಟಿಯ ಒಳಭಾಗ ಮೇಲಿನ ಹಲ್ಲಿನ ತುದಿಗೆ ತಾಗಿ. ಸೂರಃ ಯೂಸುಫ್‌ನ 11ನೆಯ ವಚನದಲ್ಲಿ ಒಂದು ಪದವಿದೆ. ನಾವು ಕಲಿತ ಪಾಠಕ್ರಮದಲ್ಲಿ ಅಲ್ಲಿ ಧ್ವನಿ ಇಲ್ಲದೆ ತುಟಿಗಳನ್ನು ಮಾತ್ರ ದುಂಡಗೆ ಮಾಡಬೇಕು. ಇದಕ್ಕೆ ‘ಇಶ್‌ಮಾಮ್’ ಎನ್ನುತ್ತಾರೆ. ಕುರುಡನಿಗೆ ಅದು ತಿಳಿಯುವುದಿಲ್ಲ, ನೋಡುವವನಿಗೆ ಮಾತ್ರ ತಿಳಿಯುತ್ತದೆ. ಕಿವಿಗೆ ಎಟುಕದ್ದನ್ನು ಕಣ್ಣಿಗಾಗಿ ಕಾಪಾಡಿಕೊಂಡು ಬಂದ ವಿದ್ಯೆಯೊಂದು ನಮ್ಮ ಮಕ್ಕಳ ಬಾಯಲ್ಲೇ ಇದೆ ಎಂದು ಆ ಯುವಕನಿಗೆ ಹೇಳಿದಾಗ, ಅವನು ಬಾಲ್ಯದಲ್ಲಿ ಅದನ್ನು ಎಷ್ಟು ಸಲ ತಪ್ಪಿ ಎಷ್ಟು ಪೆಟ್ಟು ತಿಂದಿದ್ದ ಎಂದು ನೆನಪಿಸಿಕೊಂಡ.

ಆಕಾರಕ್ಕಿಂತ ದೊಡ್ಡದು ವೇಳೆ. ಕೆರೆಯ ಆಚೆದಡದಲ್ಲಿ ಅಗಸ ಬಟ್ಟೆ ಒಗೆಯುವುದನ್ನು ಈಚೆದಡದಿಂದ ನೋಡಿದವರಿಗೆ ಗೊತ್ತು. ಬಟ್ಟೆ ಕಲ್ಲಿಗೆ ಬಡಿದು ಮೇಲೇಳುವಾಗ ‘ಧಪ್’ ಎಂಬ ಸದ್ದು ಬರುತ್ತದೆ. ಸದ್ದು ತಡವಾಗಿ ಬರುವುದು ಲೋಕದ ರೂಢಿ, ನಮ್ಮ ಮನಸ್ಸು ಅದಕ್ಕೆ ಒಗ್ಗಿದೆ. ಆದರೆ ಬಟ್ಟೆ ಕಲ್ಲಿಗೆ ತಾಗುವ ಮುನ್ನವೇ ಸದ್ದು ಬಂದರೆ? ಅದನ್ನು ಯಾರೂ ಕಂಡಿಲ್ಲ. ಟಿವಿ ಪ್ರಸಾರಕ್ಕಾಗಿ 1998ರಲ್ಲಿ ರೂಪಿಸಿದ ಅಂತಾರಾಷ್ಟ್ರೀಯ ಶಿಫಾರಸಿನಲ್ಲೂ ಈ ಅಸಮತೆ ಇದೆ. ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೆ ಜನ ಗುರುತಿಸುತ್ತಾರೆ, ಹಿಂದಾದರೆ 125 ಮಿಲಿಸೆಕೆಂಡಿನವರೆಗೂ ಗುರುತಿಸುವುದಿಲ್ಲ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಮೊದಲನೆಯದು ಒಂದು ಫ್ರೇಮು, ಎರಡನೆಯದು ಮೂರು. ಹಳೆಯ ಕಾರ್ಟೂನುಗಾರರು ಬಾಯಿಯ ಆಕಾರವನ್ನು ಧ್ವನಿಗಿಂತ ಒಂದೆರಡು ಫ್ರೇಮು ಮೊದಲೇ ಇಡುತ್ತಿದ್ದುದು ಇದಕ್ಕೇ. ನಮ್ಮ ಯುವಕನ ಚಿತ್ರದಲ್ಲಿ ಧ್ವನಿ ಎರಡು ಫ್ರೇಮಿನಷ್ಟು ಮುಂದಿತ್ತು. ಎಲ್ಲ ಬಾಯಿಗಳನ್ನೂ ಹಿಡಿದು ನಾಲ್ಕು ಫ್ರೇಮು ಹಿಂದಕ್ಕೆ ಸರಿಸಿದಾಗ, ತಪ್ಪು ಆಕಾರಗಳು ತಪ್ಪಾಗಿಯೇ ಉಳಿದರೂ ಚಿತ್ರ ಅರ್ಧಕ್ಕರ್ಧ ಸುಧಾರಿಸಿತು.

ಕಣ್ಣು ಕಿವಿಯನ್ನು ಎಷ್ಟು ಆಳುತ್ತದೆ ಎಂಬುದಕ್ಕೆ 1976ರಲ್ಲಿ ಬ್ರಿಟನ್ನಿನ ಮ್ಯಾಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ‘ಬ’ ಎಂಬ ಧ್ವನಿಗೆ ‘ಗ’ ಎನ್ನುವ ಮುಖವನ್ನು ಜೋಡಿಸಿದರೆ ಬಹಳಷ್ಟು ಜನ ‘ದ’ ಎಂದು ಕೇಳಿಸಿಕೊಳ್ಳುತ್ತಾರೆ. ಅಂದರೆ ‘ಬ’ಕ್ಕೆ ತುಟಿ ಮುಚ್ಚದ ಗೊಂಬೆ ಬರೀ ಕೆಟ್ಟದಾಗಿ ಕಾಣುವುದಿಲ್ಲ, ಮಾತನ್ನೇ ಕೆಡಿಸುತ್ತದೆ. ಹಾಗಾಗಿ ನಾವು ಆ ಯುವಕನಿಗೆ ಹೇಳಿದ್ದು ಇಷ್ಟೆ: ಪವರ್ಗ ಬಂದಾಗ ತುಟಿ ಪೂರ್ತಿ ಮುಚ್ಚಲಿ, ಕನಿಷ್ಠ ಎರಡು ಫ್ರೇಮು. ಒತ್ತಿದ್ದರೆ ನಾಲ್ಕೈದು. ಕಟತಗಳನ್ನು ಮರೆತುಬಿಡು. ದವಡೆ ಮಾತಿನ ಲಯಕ್ಕೆ ಏರಿಳಿಯಲಿ. ಡಬ್ಬಿಂಗ್ ಚಿತ್ರಗಳಿಗೆ ಮಾತು ಬರೆಯುವವರು ಮಾಡುವುದೂ ಇದನ್ನೇ. ಕನ್ನಡ ಚಿತ್ರರಂಗ 1960ರ ದಶಕದಿಂದ ಡಬ್ಬಿಂಗನ್ನು ದೂರವಿಟ್ಟಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಜಾಹೀರಾತುಗಳಲ್ಲಿ ಹಿಂದಿ ತುಟಿಗಳು ಕನ್ನಡ ಆಡುವುದನ್ನು ನಾವು ಅದಕ್ಕೂ ಮೊದಲೇ ಸಾಕಷ್ಟು ಕಂಡಿದ್ದೇವೆ. ವಾಕ್ಯ ಶುರುವಾಗುವುದು, ನಿಲ್ಲುವುದು, ತುಟಿ ಮುಚ್ಚುವುದು ಸರಿಹೊಂದಿದರೆ ಉಳಿದದ್ದನ್ನು ಕಣ್ಣು ಮನ್ನಿಸುತ್ತದೆ.

ಇಷ್ಟೆಲ್ಲ ಯಾಕೆ, ತುಟಿಯ ಗೊಡವೆಯೇ ಬೇಡ ಎನ್ನುವ ಪಂಥವೂ ಇದೆ. ಅದಕ್ಕೂ ದೊಡ್ಡ ಪರಂಪರೆಯಿದೆ. ನಮ್ಮ ತೊಗಲುಗೊಂಬೆಯಾಟದಲ್ಲಿ ರಾವಣನ ತುಟಿ ಅಲುಗುವುದಿಲ್ಲ. ಮಾತಾಡುವ ಗೊಂಬೆಯ ಕೈ ಅಲುಗುತ್ತದೆ, ಕೇಳುವ ಗೊಂಬೆ ಸುಮ್ಮನಿರುತ್ತದೆ, ಜನಕ್ಕೆ ಸಂಶಯವೇ ಬರುವುದಿಲ್ಲ. ಕಂಪ್ಯೂಟರ್ ಆಟಗಳ ಪಾತ್ರಗಳನ್ನೇ ನಟರನ್ನಾಗಿಸಿ ಚಿತ್ರ ಮಾಡುವ ಕಲೆಗೆ ‘ಮಷಿನಿಮಾ’ ಎಂದು ಹೆಸರು. ಅದರಲ್ಲಿ ಅತಿ ಜನಪ್ರಿಯವಾದದ್ದು 2003ರಲ್ಲಿ ಅಮೆರಿಕದ ಟೆಕ್ಸಾಸಿನ ಗೆಳೆಯರು ‘ಹೇಲೋ’ ಆಟದೊಳಗೆ ಮಾಡಿದ ‘ರೆಡ್ ವರ್ಸಸ್ ಬ್ಲೂ’. ಅದರ ಸೈನಿಕರಿಗೆ ಮುಖವೇ ಇಲ್ಲ, ಎಲ್ಲರದೂ ಮುಚ್ಚಿದ ಶಿರಸ್ತ್ರಾಣ. ಮಾತಾಡುವವನು ತಲೆ ಕುಣಿಸುತ್ತಾನೆ, ಅಷ್ಟೇ. ತೊಗಲುಗೊಂಬೆಯವರ ಉಪಾಯವೇ ಅಲ್ಲೂ ಫಲಿಸಿತು.

ಆದರೆ ತುಟಿ ಬಿಟ್ಟುಕೊಟ್ಟದ್ದಕ್ಕೆ ಬೆಲೆ ತೆರಬೇಕಾಗಿ ಬಂದ ಚಿತ್ರವೊಂದಿದೆ. ನಮ್ಮ ಓದುಗರು ಅದನ್ನು ನೋಡಲೇಬೇಕು. 2005ರ ಅಕ್ಟೋಬರ್ 27ರಂದು ಪ್ಯಾರಿಸ್ ಹೊರವಲಯದ ಕ್ಲಿಶಿ-ಸು-ಬುವಾದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಉಪಕೇಂದ್ರವೊಂದನ್ನು ಹೊಕ್ಕ ಝಿಯೇದ್ ಬೆನ್ನಾ, ಬೂನಾ ತ್ರವೊರೆ ಎಂಬ ಇಬ್ಬರು ಹುಡುಗರು ಶಾಕ್ ತಗುಲಿ ಸತ್ತರು. ಒಬ್ಬನಿಗೆ ಹದಿನೇಳು, ಇನ್ನೊಬ್ಬನಿಗೆ ಹದಿನೈದು. ಫ್ರಾನ್ಸಿನ ಉಪನಗರಗಳು ಮೂರು ವಾರ ಉರಿದವು, ನವೆಂಬರ್ 8ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜಗತ್ತಿನ ಟಿವಿಗಳಲ್ಲಿ ಉರಿಯುವ ಕಾರುಗಳು ಕಂಡವು, ಹುಡುಗರ ಮುಖಗಳು ಕಾಣಲಿಲ್ಲ. ಆಗ ಅಂಥದೇ ಉಪನಗರ ಲಾ ಕೂರ್ನವ್‌ನ ನಿವಾಸಿ, ಹಾಂಗ್‌ಕಾಂಗ್‌ನಿಂದ ಬಂದ ದಂಪತಿಯ ಮಗ ಅಲೆಕ್ಸ್ ಚಾನ್, ಅದೇ ತಿಂಗಳು ಮಾರುಕಟ್ಟೆಗೆ ಬಂದಿದ್ದ ‘ದಿ ಮೂವೀಸ್’ ಎಂಬ ಕಂಪ್ಯೂಟರ್ ಆಟ ಕೊಂಡು, ಕೆಲವೇ ದಿನಗಳಲ್ಲಿ ಹದಿಮೂರು ನಿಮಿಷಗಳ ಚಿತ್ರ ಮಾಡಿ ನವೆಂಬರ್ ಮುಗಿಯುವ ಮೊದಲೇ ಅಂತರ್ಜಾಲಕ್ಕೆ ಬಿಟ್ಟ. ಹೆಸರು ‘ದಿ ಫ್ರೆಂಚ್ ಡೆಮಾಕ್ರಸಿ’. ಮೊರಾಕ್ಕೊ ಮೂಲದ ಮೂವರು ಯುವಕರು ಅವಮಾನ, ತಾರತಮ್ಯಗಳನ್ನು ಉಂಡುಉಂಡು ಕೊನೆಗೆ ಬೀದಿಗಿಳಿಯುವ ಕಥೆ.

ಚಿತ್ರ ಒರಟು. ಆಟದ ಉಗ್ರಾಣದಲ್ಲಿ ಪ್ಯಾರಿಸ್ ಇರಲಿಲ್ಲ, ಹಾಗಾಗಿ ರೈಲು ನ್ಯೂಯಾರ್ಕಿನದು. ವಿದ್ಯುತ್ ಉಪಕೇಂದ್ರದ ಬದಲು ಒಂದು ಗುಡಿಸಲು. ಆಟದ ನಟರಿಗೆ ಬರುವುದು ಹಾಲಿವುಡ್ಡಿನ ಸಿದ್ಧ ಹಾವಭಾವ. ಆದ್ದರಿಂದ ದುಃಖಕ್ಕೂ ತಮಾಷೆಗೂ ಅದೇ ಕೈಯಾಟ. ಮಾತುಗಳಿಗೆ ಧ್ವನಿಯಿಲ್ಲ, ಕೆಳಗೆ ಇಂಗ್ಲಿಷ್ ಅಡಿಬರಹ, ಅದೂ ತಪ್ಪುತಪ್ಪು ಇಂಗ್ಲಿಷು. ಇಷ್ಟಾದರೂ ಚಿತ್ರ ಹಿಡಿದು ಕೂರಿಸುತ್ತದೆ. ಯಾರು ನಿಂತಿದ್ದಾರೆ, ಯಾರು ಗುರುತುಚೀಟಿ ಕೇಳುತ್ತಿದ್ದಾರೆ ಎಂಬ ನಿಲುವಿನಲ್ಲೇ ಚಾನ್ ಕಥೆ ಹೇಳಿಬಿಡುತ್ತಾನೆ. ಗುಡಿಸಲನ್ನು ನೋಡುತ್ತಾ ನಾವು ಉಪಕೇಂದ್ರವನ್ನು ಕಂಡುಕೊಳ್ಳುತ್ತೇವೆ.

ಈ ಚಿತ್ರವನ್ನು ತೋರಿಸಿ, ನೋಡಿ, ತುಟಿ ಇಲ್ಲದೆಯೂ ಆಗುತ್ತದೆ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಆ ಹುಡುಗರು ಯಾವ ಭಾಷೆಯಲ್ಲಿ ಮಾತಾಡಬೇಕಿತ್ತು? ಶಬ್ದಗಳನ್ನೇ ತಿರುಗುಮುರುಗು ಮಾಡುವ, ಅರಬಿ ಬೆರೆತ ಉಪನಗರದ ಫ್ರೆಂಚಿನಲ್ಲಿ. ಆ ನುಡಿ ಚಿತ್ರದಲ್ಲಿ ಎಲ್ಲೂ ಇಲ್ಲ. ಜಗತ್ತಿಗೆ ತಲುಪಲೆಂದು ಚಾನ್ ಇಂಗ್ಲಿಷನ್ನು ಆರಿಸಿಕೊಂಡ, ಅದು ಸರಿಯೇ ಇರಬಹುದು. ಆದರೆ ಫಲವೇನಾಯಿತು? ತಮ್ಮ ಬಗ್ಗೆ ಬೇರೆಯವರೇ ಮಾತಾಡುತ್ತಿದ್ದಾರೆ ಎಂದು ಸಿಟ್ಟಿಗೆದ್ದವರು, ತಮ್ಮದೇ ಚಿತ್ರದಲ್ಲೂ ತಮ್ಮ ಬಾಯಿಂದ ಮಾತಾಡಲಾಗಲಿಲ್ಲ. ತುಟಿಜೋಡಣೆಯನ್ನು ಬರೀ ಹುಡುಗಾಟದ ಅಲಂಕಾರ ಎನ್ನುವವರು ಈ ಹದಿಮೂರು ನಿಮಿಷಗಳನ್ನು ಧ್ವನಿಯ ಕೊರತೆಯ ದೃಷ್ಟಿಯಿಂದ ಇನ್ನೊಮ್ಮೆ ನೋಡಲಿ. ಒಂದು ಜನ ತನ್ನ ನುಡಿಯಲ್ಲಿ, ತನ್ನ ಒತ್ತಕ್ಷರಗಳೊಂದಿಗೆ ಪರದೆಯ ಮೇಲೆ ಬಾಯಿ ತೆರೆಯುವುದು ಸಣ್ಣ ಸಂಗತಿಯಲ್ಲ.

ಇನ್ನು ಮುಖ. ಇಲ್ಲಿ ಮನೆಚಿತ್ರಗಾರರು ಹೋಗುವ ದಾರಿಯ ಬಗ್ಗೆ ನಮಗೆ ಹೆಚ್ಚಿನ ತಕರಾರಿದೆ. 1978ರಲ್ಲಿ ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ ಎಂಬ ಮನೋವಿಜ್ಞಾನಿಗಳು ಮುಖದ ಪ್ರತಿ ಚಲನೆಯನ್ನೂ ಸ್ನಾಯುವಿನ ಲೆಕ್ಕದಲ್ಲಿ ಬಿಡಿಸಿಟ್ಟರು. 2004ರಲ್ಲಿ ಬಂದ ‘ಹಾಫ್-ಲೈಫ್ 2’ ಆಟ ಆ ಪಟ್ಟಿಯನ್ನೇ ಆಧಾರವಾಗಿಸಿಕೊಂಡು ಪಾತ್ರಗಳ ಮುಖ ಕಟ್ಟಿತು. ಹುಬ್ಬು, ರೆಪ್ಪೆ, ತುಟಿಯ ಮೂಲೆಗಳನ್ನು ಯಾರು ಬೇಕಾದರೂ ಎಳೆದು ಚಿತ್ರ ಮಾಡುವ ಸಲಕರಣೆಯನ್ನೂ ಅದರ ಜೊತೆಗೆ ಕೊಟ್ಟರು. ಮನೆಚಿತ್ರಗಾರರ ಕೈಗೆ ನಿಜವಾದ ಮುಖ ಸಿಕ್ಕಿದ್ದು ಹೆಚ್ಚುಕಡಿಮೆ ಅಂದಿನಿಂದ. 2017ರ ನಂತರದ ದುಬಾರಿ ಐಫೋನುಗಳ ಮುಂಬದಿಯ ಕ್ಯಾಮೆರಾ ಮುಖದ 52 ಬಗೆಯ ಚಲನೆಗಳನ್ನು ಅಳೆದು ಗೊಂಬೆಗೆ ದಾಟಿಸಬಲ್ಲದು. ಗೆಳೆಯನಿಂದ ಒಂದು ರಾತ್ರಿಗೆ ಫೋನು ಕಡ ತಂದರೆ ಕೆಲಸವಾಯಿತು. ಹಾಗೆ ಮಾಡಿದ ಚಿತ್ರಗಳನ್ನೂ ನಾವು ನೋಡಿದ್ದೇವೆ. ಚರ್ಮ ಮಿನುಗುತ್ತದೆ, ಹುಬ್ಬು ಕುಣಿಯುತ್ತದೆ, ಆದರೆ ಮೈ ಜುಮ್ಮೆನ್ನುತ್ತದೆ. ಮನುಷ್ಯನಂತೆ ಕಾಣುವ ಗೊಂಬೆ ಮನುಷ್ಯನಿಗೆ ತೀರಾ ಹತ್ತಿರವಾದಾಗ ಇಷ್ಟವಾಗುವ ಬದಲು ಹೆಣದಂತೆ ಹೆದರಿಸುತ್ತದೆ ಎಂದು ಜಪಾನಿನ ಮಸಾಹಿರೋ ಮೋರಿ 1970ರಲ್ಲೇ ಬರೆದಿದ್ದರು. ಕೋಟಿಗಟ್ಟಲೆ ಡಾಲರ್ ಸುರಿದ ‘ಪೋಲಾರ್ ಎಕ್ಸ್‌ಪ್ರೆಸ್’ ಚಿತ್ರವೇ 2004ರಲ್ಲಿ ಆ ಹೊಂಡಕ್ಕೆ ಬಿತ್ತು. ಮಕ್ಕಳ ಕಣ್ಣುಗಳಲ್ಲಿ ಜೀವವಿಲ್ಲ ಎಂದು ವಿಮರ್ಶಕರು ದೂರಿದರು.

ಜೀವ ಎಲ್ಲಿರುತ್ತದೆ? ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ದ್ಯುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ತಾಗಿಸಿ ನೋಡಿ, ತುಟಿಯ ನಗುವನ್ನು ಯಾರಾದರೂ ತರಬಹುದು, ಕಣ್ಣಿನ ಸುತ್ತಣ ಸ್ನಾಯು ಮಾತ್ರ ಹೃತ್ಪೂರ್ವಕ ನಗುವಿಗೆ ಓಗೊಡುತ್ತದೆ ಎಂದು 1862ರಲ್ಲಿ ಹೇಳಿದ್ದ. ಮನೆಚಿತ್ರಗಳ ಪಾತ್ರಗಳು ಬಾಯಲ್ಲಿ ನಗುತ್ತವೆ, ಕೆನ್ನೆ ಮೇಲೇಳುವುದಿಲ್ಲ. ರೆಪ್ಪೆ ಮಿಟುಕಿಸುವುದನ್ನು ಗಡಿಯಾರದ ಹಾಗೆ ಮೂರು ಸೆಕೆಂಡಿಗೊಮ್ಮೆ ಎಂದು ಇಟ್ಟುಬಿಡುತ್ತಾರೆ. ಮನುಷ್ಯ ಹಾಗೆ ಮಿಟುಕಿಸುವುದಿಲ್ಲ. ಮಾತು ಮುಗಿದಾಗ, ದೃಷ್ಟಿ ತಿರುಗಿದಾಗ, ಯೋಚನೆಯೊಂದು ಬದಲಾದಾಗ ಮಿಟುಕಿಸುತ್ತಾನೆ. ಮಾತಿಗೆ ಮುನ್ನ ಉಸಿರು ಎಳೆದುಕೊಳ್ಳುತ್ತಾನೆ, ಎದೆ ಏರುತ್ತದೆ, ಬಾಯಿ ಒಂದಿಷ್ಟು ತೆರೆಯುತ್ತದೆ. ಈ ಉಸಿರು ತುಟಿಜೋಡಣೆ ಯಂತ್ರಗಳ ಲೆಕ್ಕಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ, ಯಾಕೆಂದರೆ ಅದು ಅಕ್ಷರವಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಕೇಳುವವನ ಮುಖ. ಮನೆಚಿತ್ರಗಳಲ್ಲಿ ಒಂದು ಗೊಂಬೆ ಮಾತಾಡುವಾಗ ಇನ್ನೊಂದು ತನ್ನ ಸರದಿಗಾಗಿ ಬ್ಯಾಂಕಿನ ಸಾಲಿನಲ್ಲಿ ನಿಂತಂತೆ ನಿಂತಿರುತ್ತದೆ. ಕಥೆಗಾರನಿಗೆ ಸಂಭಾಷಣೆ ಎಂದರೆ ಅರ್ಧ ಹೇಳುವವನದು, ಅರ್ಧ ಕೇಳುವವನದು. ಮಾತು ನೆಲೆಗೊಳ್ಳುವುದು ಕೇಳುವವನ ಮುಖದಲ್ಲಿ. ತುಟಿ ತಪ್ಪಾಗಿ ಆಡಿದ ತಾಯಿಯನ್ನು ಮನ್ನಿಸಬಹುದು, ಅವಳನ್ನು ಕೇಳದೆ ನಿಂತ ಮಗನನ್ನು ಮನ್ನಿಸುವುದು ಕಷ್ಟ. ಬಡ ಚಿತ್ರಗಾರನಿಗೆ ಇದೊಂದು ಅನುಕೂಲವೂ ಹೌದು. ಅಡಚಣೆಯಾದ ಮಾತಿನ ವೇಳೆಗೆ ಕ್ಯಾಮೆರಾವನ್ನು ಕೇಳುವವನ ಮೇಲಿಟ್ಟರೆ ತುಟಿಯ ಸಮಸ್ಯೆಯೇ ಇಲ್ಲ. ಇದನ್ನು ಕಳ್ಳದಾರಿ ಎನ್ನಬೇಕಾಗಿಲ್ಲ.

ತುಟಿಯನ್ನು ಕೈಯಲ್ಲಿ ತಿದ್ದುವ ಕಷ್ಟವನ್ನೇ ತಪ್ಪಿಸುವ ಯಂತ್ರಗಳೂ ಬಂದಿವೆ. 2020ರಲ್ಲಿ ಹೈದರಾಬಾದಿನ ಐಐಐಟಿಯ ಸಂಶೋಧಕರು ‘ವಾವ್‌ಟುಲಿಪ್’ ಎಂಬ ವಿಧಾನ ಹೊರತಂದರು. ಯಾವ ಮುಖಕ್ಕೆ ಬೇಕಾದರೂ, ಯಾವ ಭಾಷೆಯ ಧ್ವನಿಗೆ ಬೇಕಾದರೂ ಅದು ತುಟಿ ಹೊಂದಿಸುತ್ತದೆ, ಕಂಪ್ಯೂಟರ್ ಗೊಂಬೆಯ ಮುಖಕ್ಕೂ ಸಹ. ಅಕ್ಷರ ಕೇಳುವುದಿಲ್ಲ, ಧ್ವನಿ ಸಾಕು. ಇಂಗ್ಲಿಷ್ ತುಟಿಯ ಕಾಟದಿಂದ ನಮ್ಮ ಭಾಷೆಗಳಿಗೆ ಬಿಡುಗಡೆಯ ದಾರಿ ನಮ್ಮ ನೆರೆಯ ಊರಿನಲ್ಲೇ ತೆರೆಯಿತೆಂದು ಹೆಮ್ಮೆಪಡಬಹುದು. ಆದರೆ ಅದು ಮುಖವನ್ನು 96 ಬಿಂದು ಉದ್ದ, 96 ಬಿಂದು ಅಗಲದ ಪುಟ್ಟ ಚೌಕದಲ್ಲಿ ಬರೆಯುತ್ತದೆ. ಹತ್ತಿರದಿಂದ ತೋರಿಸಿದರೆ ಹಲ್ಲುಗಳು ಮಸಿ ಒರೆಸಿದಂತೆ ಕಲಸಿಹೋಗುತ್ತವೆ. ಇನ್ನೊಂದು ಮಾತನ್ನೂ ಹೇಳದೆ ಇರಲಾಗದು. ಅದೇ ವರ್ಷದ ಫೆಬ್ರವರಿಯಲ್ಲಿ, ದೆಹಲಿ ಚುನಾವಣೆಯ ಹೊಸ್ತಿಲಲ್ಲಿ, ಬಿಜೆಪಿಯ ಮನೋಜ್ ತಿವಾರಿಯವರು ಹಿಂದಿಯಲ್ಲಿ ಮಾತಾಡಿದ್ದ ವಿಡಿಯೋವನ್ನು ಇಂಥದೇ ತುಟಿ ಬದಲಾಯಿಸುವ ವಿದ್ಯೆಯಿಂದ ಹರಿಯಾಣ್ವಿಯಲ್ಲೂ ಇಂಗ್ಲಿಷಿನಲ್ಲೂ ಆಡಿದಂತೆ ಮಾಡಿ ಹಂಚಲಾಯಿತು. ಅದು ಅವರದೇ ಪಕ್ಷದ ಪ್ರಚಾರ. ಆದರೆ ಆಡದ ಮಾತನ್ನು ಆಡಿದಂತೆ ತೋರಿಸಬಹುದು ಎಂದು ಜನ ಅಂದು ಕಂಡರು. ಗೊಂಬೆಯ ಬಾಯಿಗೆ ಮಾತು ಹಾಕುವುದು ಕಲೆ. ಬದುಕಿರುವವನ ಬಾಯಿಗೆ ಹಾಕುವುದಕ್ಕೆ ಏನೆನ್ನಬೇಕು ಎಂದು ನಮ್ಮ ಸಮುದಾಯಕ್ಕೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಯುವಕ ಗೊಂಬೆಗಳಲ್ಲೇ ಉಳಿದದ್ದು ಒಳ್ಳೆಯದಾಯಿತು.

ಅವನ ಗೊಂಬೆಗಳ ಮುಖದ ಬಗ್ಗೆಯೂ ಒಂದು ಮಾತು. ಮಗನಿಗೆ ಗಡ್ಡ ಬೇಕೆಂದು ಸಿದ್ಧ ಪಾತ್ರಗಳ ಸಂಗ್ರಹವೊಂದನ್ನು ಆತ ನಮ್ಮೆದುರೇ ಹುಡುಕಿದ. ನಮ್ಮವರಂಥ ಗಡ್ಡದ ಮುಖ ಸಿಕ್ಕಿತು. ಜೊತೆಗೆ ಅದರ ಕೈಗೆ ಬಂದೂಕೂ ಇತ್ತು. ಬಂದೂಕನ್ನು ತೆಗೆಯುವುದು ಸುಲಭ, ಹುಬ್ಬಿನ ಮಧ್ಯದ ಆ ಕ್ರೂರ ಗೆರೆಯನ್ನು ತೆಗೆಯಲು ಅವನಿಗೆ ಎರಡು ರಾತ್ರಿ ಹಿಡಿಯಿತಂತೆ.

ಮೂರು ತಿಂಗಳ ನಂತರ ಆತ ಮತ್ತೆ ಬಂದ. ಖಾಲಾರನ್ನು ಅದೇ ಜಾಗದಲ್ಲಿ ಕೂರಿಸಿದೆವು. ಧ್ವನಿಯನ್ನು ಪೂರ್ತಿ ಮುಚ್ಚಿ ಚಿತ್ರ ಹಾಕಿದೆವು. ತಾಯಿ ಉಸಿರು ಎಳೆದುಕೊಂಡಳು, ತುಟಿ ಮುಚ್ಚಿದಳು, ಬಿಟ್ಟಳು. ನಾಲಗೆ ಒಳಗೇ ಇತ್ತು. “ಅಬ್ ಜಾನಾ ನಕ್ಕೋ ಬಾಬಾ” ಎಂದು ಖಾಲಾ ಪರದೆ ನೋಡುತ್ತಲೇ ಮೆಲ್ಲಗೆ ಓದಿದರು. ಇನ್ನು ಹೋಗಬೇಡ ಮಗಾ. ಯುವಕ ಕುರ್ಚಿಯಿಂದ ಎದ್ದೇಬಿಟ್ಟ. ನಡುವೆ ಎರಡು ಮೂರು ಮಾತು ಅವರಿಗೆ ತಪ್ಪಿದವು, ‘ಮಾಲ್’ ಎಂಬುದನ್ನು ‘ಬಾಲ್’ ಎಂದು ಓದಿದರು. ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ಚಿತ್ರ ಮುಗಿದ ಮೇಲೆ ಅವರು ಮಗನ ಗೊಂಬೆಯ ಕಡೆ ಬೆರಳು ತೋರಿಸಿ, “ಇನೆ ಸುನ್‌ರಾ ನೈ” ಎಂದರು. ಇವನು ಕೇಳುತ್ತಿಲ್ಲ. ಹೌದು, ತಾಯಿ ಹೋಗಬೇಡ ಎನ್ನುವಾಗ ಅವನು ಅನ್ನ ಕಲಸಿ ಬಾಯಿಗಿಡುತ್ತಲೇ ಇದ್ದ. ನಮ್ಮ ಕಥೆಯಲ್ಲಿ ಅವನು ಕೇಳಿಯೂ ತಲೆ ಎತ್ತದೆ ಕೂರುತ್ತಾನೆ, ಅದು ಬೇರೆ. ತುತ್ತು ಕೈಯಲ್ಲಿ ಎಷ್ಟು ಫ್ರೇಮು ನಿಲ್ಲಬೇಕು ಎಂದು ಯುವಕ ನಮ್ಮನ್ನು ಕೇಳಿದ. ಬರೆಯುವಾಗ ನಾವು ಅದನ್ನು ಯೋಚಿಸಿರಲಿಲ್ಲ. ಹನ್ನೆರಡು ಇಟ್ಟು ನೋಡು ಎಂದೆವು. ಖಾಲಾ ನಮ್ಮ ತುಟಿ ಓದಿ, ಹನ್ನೆರಡು ಏನು ಎಂದು ಕೇಳುತ್ತಿದ್ದರು.